ಮೂರನೆಯ ಪದರದ ಬಿಳಿ ತೇಪೆ

ನಮ್ಮ ಅಡುಗೆಮನೆಯ ಬಾಗಿಲ ಮೇಲೆ ಇದ್ದಿಲಿನಲ್ಲಿ ಬರೆದ ಒಂದು ವಾಕ್ಯ ಇದೆ. ಬರೆದವಳು ನಾನೇ. ಹದಿನೆಂಟು ವರ್ಷವಾಯಿತು, ಒಂದು ಅಕ್ಷರವೂ ಮಾಸಿಲ್ಲ. ಮಾಸುವುದೂ ಇಲ್ಲ, ಯಾಕೆಂದರೆ ನಮ್ಮ ಊರಿನಲ್ಲಿ ಬರೆದದ್ದು ಅಳಿಯುವುದಿಲ್ಲ. ತೊಳೆಯಿರಿ, ಕೆರೆಯಿರಿ, ಸುಣ್ಣ ಬಳಿಯಿರಿ, ಎರಡನೇ ದಿನ ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಅಕ್ಷರ ಕೂತಿರುತ್ತದೆ. ಕಾಗದವನ್ನು ಸುಟ್ಟರೆ ಇನ್ನೂ ಫಜೀತಿ, ಅದರಲ್ಲಿದ್ದದ್ದು ಹತ್ತಿರದ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಪಕ್ಕದ ಬೀದಿಯ ಕಾಂತಾಮಣಿ ಹರೆಯದಲ್ಲಿ ಬಂದ ಪತ್ರವೊಂದನ್ನು ಒಲೆಗೆ ಹಾಕಿದ್ದಳು. ಇವತ್ತಿಗೂ ಅವಳ ಒಲೆಯ ಹಿಂದಿನ ಗೋಡೆಗೆ ಅಷ್ಟುದ್ದದ ಕ್ಯಾಲೆಂಡರ್ ನೇತುಬಿದ್ದಿದೆ, ಅದೂ ಏಳು ವರ್ಷ ಹಳೆಯದು.

ಇದರಿಂದ ನಮಗೇನೂ ದೊಡ್ಡ ತೊಂದರೆಯಿಲ್ಲ, ರೂಢಿಯಾಗಿದೆ. ಮಕ್ಕಳು ಸ್ಲೇಟಿನ ಮೇಲೆ ಟ್ರೇಸಿಂಗ್ ಹಾಳೆ ಹಾಸಿಕೊಂಡು ಬರೆಯುತ್ತಾರೆ, ಹಾಳೆ ತುಂಬಿದರೆ ಅದರ ಮೇಲೆ ಇನ್ನೊಂದು. ಜಗಳ ಏನಿದ್ದರೂ ಬಾಯಲ್ಲೇ. ಬಾಯಲ್ಲಿ ಎಷ್ಟು ಬೈದುಕೊಂಡರೂ ಗಾಳಿಗೆ ಹೋಗುತ್ತದೆ ಎಂದು ನಮ್ಮವರು ಧಾರಾಳವಾಗಿಯೇ ಬೈದುಕೊಳ್ಳುತ್ತಾರೆ. ಆದರೆ ಜಗಳದ ನಡುವೆ ಯಾರಾದರೂ ಕೈಗೆ ಬಳಪ ತೆಗೆದುಕೊಂಡರೋ, ಬಿಡಿಸಲು ಬಂದವರು ಮೊದಲು ಬಳಪ ಕಿತ್ತುಕೊಳ್ಳುತ್ತಾರೆ, ಆಮೇಲೆ ಜಗಳ ಬಿಡಿಸುತ್ತಾರೆ. ನನ್ನ ಕೈಯಿಂದ ಇದ್ದಿಲು ಕಿತ್ತುಕೊಳ್ಳಲು ಆವತ್ತು ಯಾರೂ ಇರಲಿಲ್ಲ. ಇದ್ದವರು ನನ್ನ ಗಂಡ ಹೊನ್ನಪ್ಪ ಒಬ್ಬರೇ, ಅವರು ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳುವ ಪೈಕಿ ಅಲ್ಲ.

ಹೊನ್ನಪ್ಪ ಬೋರ್ಡ್ ಬರೆಯುವವರು. ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಡಾಕ್ಟರಿಗಿಂತ ಹೆಚ್ಚು ಮರ್ಯಾದೆ. ತಪ್ಪಿದರೆ ತಿದ್ದುವ ಹಾಗಿಲ್ಲವಲ್ಲ! ಒಂದು ಅಕ್ಷರ ಎಳೆಯುವ ಮೊದಲು ಅವರು ಒಂದು ವೀಳ್ಯದೆಲೆ ಜಗಿದು ಮುಗಿಸುತ್ತಿದ್ದರು. ಮಾತೂ ಹಾಗೆಯೇ, ಅಳೆದು ಅಳೆದು. ನಾನೋ, ಬಾಯಿಬಡುಕಿ. ಮದುವೆಯಾಗಿ ಒಂಬತ್ತು ವರ್ಷ ನಾನು ಮಾತಾಡಿದೆ, ಅವರು ಕೇಳಿದರು, ಇಬ್ಬರಿಗೂ ಸುಖವಾಗಿಯೇ ಇತ್ತು.

ನಾನು ಊರಿನ ದಫ್ತರ ಕಚೇರಿಯಲ್ಲಿ ಬೆರಳಚ್ಚಿನ ಕೆಲಸಕ್ಕೆ ಸೇರಿದವಳು. ಹುಟ್ಟು, ಮದುವೆ, ಮನೆ, ಜಮೀನು, ಎಲ್ಲರ ಎಲ್ಲ ದಾಖಲೆಯೂ ಅಲ್ಲಿ. ಅಲ್ಲಿಗೆ ಕಂಪ್ಯೂಟರ್ ಬಂದಾಗ ಅದರ ಜೊತೆ ಹೊರಗಿನಿಂದ ಇಬ್ಬರು ಇಂಜಿನಿಯರುಗಳೂ ಬಂದರು. ಪಾಪ, ಅವರಿಗೆ ನಮ್ಮ ಊರು ಗೊತ್ತಿರಲಿಲ್ಲ. ಒಂದು ಹೆಸರು ತಿದ್ದಿದರೆ ಹಳೆಯ ಹೆಸರೂ ಪಕ್ಕದಲ್ಲೇ ಉಳಿಯುತ್ತಿತ್ತು. ಅಳಿಸಿದ ಫೈಲು ಮಾರನೆಯ ದಿನ ವಾಪಸ್ಸು. ಮೂರನೇ ವಾರ ಒಬ್ಬ ಡಿಸ್ಕಿಗೆ ಕೈಮುಗಿದ, ಇನ್ನೊಬ್ಬ ಬಸ್ಸು ಹತ್ತಿದ, ಸಂಜೆಯೊಳಗೆ ಕೈಮುಗಿದವನೂ ಹೋದ. ಅವರು ಬಿಟ್ಟುಹೋದ ನಾಲ್ಕು ದಪ್ಪ ಪುಸ್ತಕಗಳನ್ನು ನಾನು ಹಟ ಹಿಡಿದು ಓದಿದೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಕರ್ನಲ್ ಎಂಬುದೊಂದು ಕೂತಿರುತ್ತದೆ, ಯಾರು ಯಾವ ಫೈಲು ಕೇಳಿದರೂ ಕೊಡುವುದು, ಇಡಲು ಹೇಳಿದ್ದನ್ನು ಇಡುವುದು ಅದೇ ಎಂದು ತಿಳಿಯಿತು. ನಮ್ಮ ಊರಿಗೆ ತಕ್ಕ ಬುದ್ಧಿ ಹೇಳುವುದಾದರೆ ಅದಕ್ಕೇ ಹೇಳಬೇಕಾಗಿತ್ತು.

ಏನು ಹೇಳಬೇಕು ಎಂಬುದು ಚೆನ್ನಿಗಪ್ಪನವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅವರು ಕಚೇರಿಯ ಕೆಳಗಿನ ಕೋಣೆಯಲ್ಲಿ ಹಳೆಯ ದಫ್ತರಗಳನ್ನು ಕಾಯುತ್ತಿದ್ದವರು, ನನಗಿಂತ ಹತ್ತು ವರ್ಷ ಹಿರಿಯರು. ದಫ್ತರದಲ್ಲಿ ಏನಾದರೂ ಬದಲಾಯಿಸಬೇಕಾದರೆ ಪುಟವನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಪುಟದ ಮೇಲೆ ಕೆಳಗಿನದು ಕಾಣುವಂಥ ಟ್ರೇಸಿಂಗ್ ಹಾಳೆ ಹಾಸಿ, ಹೊಸದನ್ನು ಹಾಳೆಯ ಮೇಲೆ ಬರೆಯುತ್ತಿದ್ದರು. ಏನನ್ನಾದರೂ ತೆಗೆದುಹಾಕಬೇಕಾದರೆ ಹಾಳೆಯ ಮೇಲೆ ಆ ಜಾಗಕ್ಕೆ ಸರಿಯಾಗಿ ಬಿಳಿ ಕಾಗದದ ತೇಪೆ. ಮೇಲಿನಿಂದ ನೋಡಿದಾಗ ಏನು ಕಾಣುತ್ತದೋ ಅದೇ ಇವತ್ತಿನ ಲೆಕ್ಕ. ಕೆಳಗಿನ ಪುಟ ಮಾತ್ರ ಬರೆದ ದಿನ ಹೇಗಿತ್ತೋ ಹಾಗೇ.

ಇದನ್ನೇ ಕರ್ನಲ್ಲಿನ ಒಳಗೆ ಮಾಡೋಣವೆಂದು ಹೊರಟೆ. ತಳದಲ್ಲಿ ಮುಟ್ಟದ ಡಿಸ್ಕ್, ಅದರ ಮೇಲೆ ಪದರದ ಮೇಲೆ ಪದರ. ಹೇಳುವುದು ಸುಲಭ, ಕೂರಿಸುವುದು ಕಷ್ಟ. ಮೇಲಿನ ಪದರಕ್ಕೆ ಕೆಳಗಿನದು ಹೇಗಿದೆ ಎಂದು ವಿವರವಾಗಿ ಹೇಳಿಕೊಡಬೇಕಾಗುತ್ತಿತ್ತು. ನಡುವೆ ಹೊಸದೊಂದು ತೂರಿಸಿದರೆ ಮೇಲಿನದನ್ನೆಲ್ಲ ಹೊಸದಾಗಿ ಬರೆಯಬೇಕು. ಬರೆದದ್ದು ಅಳಿಯದ ಊರಿನಲ್ಲಿ ಹೊಸದಾಗಿ ಬರೆಯುವುದೆಂದರೆ ಏನು ಪಾಡು ಯೋಚಿಸಿ. ಎರಡು ತಿಂಗಳು ತಲೆ ಕೆಟ್ಟುಹೋಯಿತು. ಮನೆಗೆ ಊಟಕ್ಕೆ ಹೋಗುವುದನ್ನೂ ಬಿಟ್ಟೆ. ಹೊನ್ನಪ್ಪನೇ ದಿನಾ ಮಧ್ಯಾಹ್ನ ಟಿಫಿನ್ ಕ್ಯಾರಿಯರ್ ಹಿಡಿದು ಬರುತ್ತಿದ್ದರು.

“ಇಂದೂ, ಅನ್ನ ತಣ್ಣಗಾಗ್ತಿದೆ” ಎಂದರು ಒಂದು ದಿನ.

“ಅನ್ನ ಹಾಳಾಗ್ಲಿ. ಒಂದರ ಮೇಲೆ ಒಂದು ಕೂರ್ತಾನೇ ಇಲ್ಲ ರೀ ಇವು!”

ಅವರು ಕ್ಯಾರಿಯರಿನ ಕೊಂಡಿ ಬಿಚ್ಚಿ ನಾಲ್ಕು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಆಮೇಲೆ ನಿಧಾನವಾಗಿ, “ಇದನ್ನ ನೋಡು. ಸಾರಿನ ಡಬ್ಬಿಗೆ ತನ್ನ ಕೆಳಗಿರೋದು ಪಲ್ಯವೋ ಅನ್ನವೋ ಗೊತ್ತೇ ಇಲ್ಲ. ಗೊತ್ತಾಗಬೇಕಾಗೂ ಇಲ್ಲ. ಎಲ್ಲದರ ಬಾಯಿನೂ ಒಂದೇ ಅಳತೆ, ಅದಕ್ಕೇ ಕೂತ್ಕೊಳ್ಳತ್ತೆ. ಸಾರು ಮೇಲಿಡು, ಕೆಳಗಿಡು, ನಡುವಿಂದ ಒಂದು ತೆಗೆದುಬಿಡು, ಏನೂ ಆಗಲ್ಲ” ಎಂದರು.

ನಾನು ಆವತ್ತು ಊಟ ಮಾಡಲಿಲ್ಲ. ಸಂಜೆಯವರೆಗೆ ಕೂತು ಬರೆದೆ. ಎಲ್ಲ ಪದರಗಳ ಬಾಯಿ ಒಂದೇ ಅಳತೆ ಮಾಡಿದೆ, ಅಂದರೆ ತೆರೆ, ಓದು, ಬರೆ, ಮುಚ್ಚು, ಹೀಗೆ ಎಲ್ಲಕ್ಕೂ ಕೇಳುವ ಪ್ರಶ್ನೆಗಳು ಒಂದೇ. ಯಾವ ಪದರವೂ ತನ್ನ ಕೆಳಗೆ ಯಾರಿದ್ದಾರೆ, ಮೇಲೆ ಯಾರಿದ್ದಾರೆ ಎಂದು ಕೇಳಬಾರದು. ಕೆಳಗಿನದು ಕೇಳಿದ್ದಕ್ಕೆ ಉತ್ತರ ಕೊಡಬೇಕೇ ಹೊರತು ತಾನಾಗಿ ಮೇಲಕ್ಕೆ ಕೂಗಬಾರದು. ಇನ್ನೊಂದು ಮಾತು, ಅದು ನನಗೆ ಬಹಳ ಹೆಮ್ಮೆಯದು: ತನಗೆ ಅರ್ಥವಾಗದ ಕೋರಿಕೆ ಬಂದರೆ ತಡೆಯಬಾರದು, ಇದ್ದ ಹಾಗೇ ಕೆಳಕ್ಕೆ ದಾಟಿಸಬೇಕು. ಕೆಳಗೆ ಯಾರಿಗೋ ಅರ್ಥವಾದೀತು. ಹೀಗೆ ಮೊದಲ ಪದರ ಕೂತಿತು, ಅದು ಯಾರು ಯಾವಾಗ ಏನು ಬದಲಾಯಿಸಿದರು ಎಂದು ನೆನಪಿಡುವುದು. ಎರಡನೆಯದು ಕಡತಗಳನ್ನು ಮಡಿಸಿ ಸಣ್ಣದು ಮಾಡುವುದು. ಮೂರನೆಯದು ಬಿಳಿ ತೇಪೆಯದು. ಅದನ್ನು ಪರೀಕ್ಷೆ ಮಾಡುವುದು ಬಾಕಿಯಿರುವಾಗಲೇ ಕಚೇರಿಯ ಅಧ್ಯಕ್ಷೆ ಜಯಶೀಲಮ್ಮ ನನಗೆ ಸನ್ಮಾನ ಇಟ್ಟುಬಿಟ್ಟರು.

ಸನ್ಮಾನದಲ್ಲಿ ನಾನು ಏನು ಹೇಳಿದೆ ಗೊತ್ತೇ? “ಎರಡು ತಿಂಗಳು ನಾನೊಬ್ಬಳೇ ಕೂತು ಯೋಚಿಸಿ ಯೋಚಿಸಿ” ಎಂದೆ. ಒಬ್ಬಳೇ ಎಂಬುದನ್ನು ಮೂರು ಸಲ ಅಂದೆ. ಹೊನ್ನಪ್ಪ ಮೂರನೇ ಸಾಲಿನಲ್ಲಿ ಕೂತಿದ್ದರು, ಚಪ್ಪಾಳೆಯನ್ನೂ ತಟ್ಟಿದರು. ಮನೆಗೆ ಬಂದ ಮೇಲೆ ನನ್ನ ಕೊರಳಿನ ಹಾರ ನೋಡುತ್ತಾ ನಕ್ಕು, “ಕ್ಯಾರಿಯರಿಗೂ ಒಂದು ಹಾರ ಹಾಕಿಸಬೇಕಿತ್ತು ಕಣೇ” ಎಂದರು.

ಅಷ್ಟೇ ಅಂದದ್ದು. ಅದು ನಿಜವಾಗಿದ್ದಕ್ಕೇ ನನಗೆ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಎದುರು ಮಾತಾಡಿದ್ದರೆ ನಾನು ಇನ್ನು ನಾಲ್ಕು ಆಡಿ, ಅತ್ತು, ಕಾಫಿ ಮಾಡಿ ಮುಗಿಸುತ್ತಿದ್ದೆ. ಆಡಲಿಲ್ಲ. ನಾನು ಬಚ್ಚಲ ಒಲೆಯಿಂದ ಇದ್ದಿಲು ತಂದು ಅಡುಗೆಮನೆಯ ಬಾಗಿಲ ಮೇಲೆ ಬರೆದೆ: ಇನ್ನು ನಿಮ್ಮ ಜೊತೆ ಬಾಳಲಾರೆ. ಅಂಥ ಸಿಟ್ಟಿನಲ್ಲೂ ಬಹುವಚನ ಬಿಟ್ಟಿಲ್ಲ ನೋಡಿ, ನಮ್ಮಮ್ಮ ಕಲಿಸಿದ್ದ ಸಂಸ್ಕಾರ ಅಷ್ಟಾದರೂ ಇತ್ತು. ಹೊನ್ನಪ್ಪ ಅದನ್ನು ಎಲ್ಲ ಬೋರ್ಡುಗಳನ್ನು ಓದುವ ಹಾಗೇ ನಿಧಾನವಾಗಿ ಓದಿದರು. ಕುಂಚದ ಪೆಟ್ಟಿಗೆ ಎತ್ತಿಕೊಂಡರು, ತೊಳೆದಿಟ್ಟಿದ್ದ ಕ್ಯಾರಿಯರ್ ಎತ್ತಿಕೊಂಡರು, ಚಪ್ಪಲಿ ಮೆಟ್ಟಿಕೊಂಡು ಹೋದರು. ಕೆರೆ ಏರಿಯ ಆಚೆ ಅವರ ಅಂಗಡಿಯ ಹಿಂದೆ ಒಂದು ಕೋಣೆಯಿತ್ತು.

ಮಾರನೆಯ ಬೆಳಿಗ್ಗೆ ನಾನು ಕಚೇರಿಗೆ ಹೋದಾಗ ಮೂರನೆಯ ಪದರದ ಪರೀಕ್ಷೆಗೆ ಎಲ್ಲರೂ ಕಾಯುತ್ತಿದ್ದರು. “ಯಾವುದಾದರೂ ಒಂದು ನಮೂದಿಗೆ ತೇಪೆ ಹಾಕಿ ತೋರ್ಸಿ” ಎಂದರು ಜಯಶೀಲಮ್ಮ. ನಾನು ಮದುವೆಯ ದಫ್ತರ ತೆರೆದೆ. ಪುಟ ನೂರಾಹದಿನಾರು, ಹೊನ್ನಪ್ಪ ಮತ್ತು ಇಂದುಮತಿ. ತೇಪೆ ಹಾಕಿದೆ. ಪರದೆಯ ಮೇಲೆ ನೂರಾಹದಿನೈದು ಆದಮೇಲೆ ನೂರಾಹದಿನೇಳು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚೆನ್ನಿಗಪ್ಪನವರು ಮಾತ್ರ ತಟ್ಟದೆ ಮೆಟ್ಟಿಲಿಳಿದು ತಮ್ಮ ಕೋಣೆಗೆ ಹೋದರು. ಏನು ನಡೆಯಿತೆಂದು ಊರಿಗೆ ಗೊತ್ತಾದ ಮೇಲೆ ಜಯಶೀಲಮ್ಮ ಒಂದು ನಿಯಮ ತಂದರು: ಇಬ್ಬರಿಗೆ ಸಂಬಂಧಪಟ್ಟ ನಮೂದಿಗೆ ತೇಪೆ ಹಾಕಬೇಕಾದರೂ ತೆಗೆಯಬೇಕಾದರೂ ಇಬ್ಬರೂ ಬಂದು ಸಹಿ ಮಾಡಬೇಕು. ತೆಗೆಯುವ ಮುಂಚೆ ಕೆಳಗಿನ ಕೋಣೆಗೆ ಹೋಗಿ, ತಳದ ಡಿಸ್ಕಿನಲ್ಲಿ ಏನಿದೆಯೆಂದು ಕಣ್ಣಾರೆ ನೋಡಿ ಬರಬೇಕು. ಬರೇ ನೋಡುವುದಕ್ಕಾದರೆ ಯಾರು ಬೇಕಾದರೂ ಹೋಗಬಹುದು, ಅಲ್ಲಿಟ್ಟಿರುವ ಪುಸ್ತಕದಲ್ಲಿ ಬರೆದು ನೋಡಬೇಕು, ಅಷ್ಟೇ.

ಹದಿನೆಂಟು ವರ್ಷ ಹೇಗೋ ಹೋಯಿತು. ಹೇಗೋ ಏನು, ಚೆನ್ನಾಗಿಯೇ ಹೋಯಿತು, ಸುಳ್ಳೇಕೆ ಹೇಳಲಿ. ಮೂರರ ಮೇಲೆ ಎಂಟು ಪದರ ಕೂರಿಸಿದೆ, ಒಟ್ಟು ಹನ್ನೊಂದು. ಕಚೇರಿಯಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ಮನೆಯಲ್ಲಿ ರೇಡಿಯೋ ಇತ್ತು, ಅದರ ಜೊತೆ ನಾನೇ ಮಾತಾಡಿಕೊಳ್ಳುತ್ತಿದ್ದೆ. ದಫ್ತರದ ಪ್ರಕಾರ ನಾನು ಅವಿವಾಹಿತೆ ಎಂದು ನೆನಪಿಸುತ್ತಾ ಒಬ್ಬ ಮಹರಾಯ ಯಾವನೋ ವಿಧುರನ ಜಾತಕ ತಂದಿದ್ದ, ಅವನನ್ನು ಗೇಟಿನವರೆಗೂ ಓಡಿಸಿಕೊಂಡು ಹೋದೆ. ಹೊನ್ನಪ್ಪ ದಾರಿಯಲ್ಲಿ ಸಿಕ್ಕರೆ “ಚೆನ್ನಾಗಿದೀಯಾ?” ಎನ್ನುತ್ತಿದ್ದರು. “ಹೂಂ” ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯಿತು. ತೇಪೆ ತೆಗೆಸೋಣ ಬಾ ಎಂದು ಒಂದು ದಿನವೂ ನನ್ನ ಕಿಟಕಿಗೆ ಅವರು ಬರಲಿಲ್ಲ. ನಾನೂ ಹೋಗಲಿಲ್ಲ. ಮರೆತಿದ್ದಾರೆ ಎಂದುಕೊಂಡಿದ್ದೆ, ಬೇಸರವೂ ಆಗುತ್ತಿತ್ತು. ಆದರೂ ಒಂದು ಸಮಾಧಾನ ಒಳಗೇ ಇತ್ತು, ತೇಪೆಯ ಕೆಳಗೆ ಅದು ಇದ್ದೇ ಇದೆಯಲ್ಲ, ಎಲ್ಲಿಗೆ ಹೋಗುತ್ತದೆ ಎಂದು.

ಈ ವರ್ಷ ಜಯಶೀಲಮ್ಮ ನನ್ನನ್ನು ಕರೆಸಿದರು. ಅವರಿಗೂ ಈಗ ಕೂದಲು ಪೂರಾ ಬೆಳ್ಳಗಾಗಿದೆ. “ಇಂದುಮತಮ್ಮ, ಒಂದು ಜನನ ಪತ್ರ ಬೇಕು ಅಂದ್ರೆ ಹನ್ನೊಂದು ಪದರ ಇಳಿದು ಹನ್ನೊಂದು ಪದರ ಹತ್ತಬೇಕು. ಜನ ಕಿಟಕಿ ಹತ್ರ ಕಾದು ಕಾದು, ಈಗ ಅಲ್ಲಿ ಕಡ್ಲೆಕಾಯಿ ಮಾರೋಳು ಬಂದು ಕೂತಿದಾಳೆ. ಎಲ್ಲಾ ಸೇರಿಸಿ ಒಂದೇ ಮಾಡಿಬಿಡಿ.”

ಮಾತು ಸರಿಯಾಗಿಯೇ ಇತ್ತು. ಮೇಲಿನಿಂದ ಕಾಣುವುದನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಿ ಅದನ್ನೇ ಹೊಸ ತಳ ಮಾಡುವುದು, ಅದೇನೂ ಕಷ್ಟವಲ್ಲ. ಮಾಡೋಣ ಎಂದೆ. ಬಾಗಿಲವರೆಗೆ ಬಂದವಳು ತಿರುಗಿ ನಿಂತು ಕೇಳಿದೆ, “ಕಾಣದೇ ಇರೋದನ್ನ?”

“ಕಾಣದೇ ಇರೋದು ಯಾರಿಗೆ ಬೇಕು? ಕೆಳಗಿನ ಕೋಣೆಗೆ ಇಟ್ಟಿಗೆ ಕಟ್ಟಿ ಗಾರೆ ಹಾಕಿಸ್ತೀವಿ. ಚೆನ್ನಿಗಪ್ಪನವರಿಗೂ ವಯಸ್ಸಾಯ್ತು.”

ಹೊಸ ತಳದಲ್ಲಿ ನೂರಾಹದಿನಾರನೇ ಪುಟ ಇರುವುದಿಲ್ಲ. ತೇಪೆಯೂ ಇರುವುದಿಲ್ಲ. ಹೊನ್ನಪ್ಪ ಮತ್ತು ಇಂದುಮತಿ ಮದುವೆಯೇ ಆಗಿರಲಿಲ್ಲ ಎಂದಾಗುತ್ತದೆ, ಹಾಗೆಂದು ನಕಲು ಮಾಡುವವಳು ನಾನೇ. ಜಯಶೀಲಮ್ಮ ಒಳ್ಳೆಯವರು, ತೇಪೆ ತೆಗೆಸಿಕೊಳ್ಳುವವರು ಹದಿನೈದು ದಿನದೊಳಗೆ ಬನ್ನಿ ಎಂದು ಊರಿಗೆಲ್ಲ ಡಂಗುರ ಹೊಡೆಸಿದರು. ನೋಟೀಸು ಬರೆಸಿದರೆ ಅದು ಗೋಡೆಯ ಮೇಲೇ ಉಳಿದುಬಿಡುತ್ತದಲ್ಲ.

ಮೊದಲನೇ ದಿನ ಬಂದವರು ಅಣ್ಣತಮ್ಮಂದಿರಿಬ್ಬರು. ಯಾವ ಕಾಲದ್ದೋ ಸಿಟ್ಟಿನಲ್ಲಿ ತಾವು ಒಂದೇ ತಾಯಿಯ ಮಕ್ಕಳು ಎಂಬ ನಮೂದಿಗೇ ತೇಪೆ ಹಾಕಿಸಿದ್ದವರು. ಈಗ ಇಬ್ಬರಿಗೂ ಹಲ್ಲು ಬಿದ್ದಿದೆ. ಸಹಿ ಹಾಕಿಸಿಕೊಂಡು ‘ತೇಪೆ ತೆಗೆ’ ಎಂಬ ಕೋರಿಕೆ ಕಳಿಸಿದೆ. ಪರದೆಯ ಮೇಲೆ ‘ಆಗುವುದಿಲ್ಲ’ ಎಂದು ಬಂತು. ಮತ್ತೆ ಕಳಿಸಿದೆ. ಆಗುವುದಿಲ್ಲ. ಇಷ್ಟು ವರ್ಷದಲ್ಲಿ ಹಾಕಿಸಲು ಬಂದವರಿದ್ದರೇ ಹೊರತು ತೆಗೆಸಲು ಯಾರೂ ಬಂದಿರಲಿಲ್ಲ, ಹಾಗಾಗಿ ನನಗೂ ಗೊತ್ತಿರಲಿಲ್ಲ. ಒಂದೊಂದೇ ಪದರ ಹುಡುಕುತ್ತಾ ಇಳಿದೆ. ಏಳನೆಯದರಲ್ಲಿ ಸಿಕ್ಕಿತು. ಅದು ಯಾರು ಏನು ಕೇಳಬಹುದೆಂದು ಕಾಯುವ ಕಾವಲು ಪದರ. ಬರೆದವಳು ನಾನೇ, ಬರೆದ ದಿನವೂ ನೆನಪಿದೆ. ಆವತ್ತು ಬೆಳಿಗ್ಗೆ ಹೊನ್ನಪ್ಪ ಅಂಗಡಿಯ ಮುಂದೆ ಯಾರ ಜೊತೆಯೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದನ್ನು ನೋಡಿಕೊಂಡು ಬಂದಿದ್ದೆ. ನಾನಿಲ್ಲದೆಯೂ ನಗು ಬರುತ್ತದೆಯೇ ಎಂದು ಮೈಯೆಲ್ಲ ಸಿಟ್ಟು. ಆ ಸಿಟ್ಟಿನಲ್ಲೇ ಕೂತು, ಅರ್ಥವಾಗದ್ದು ಏನು ಬಂದರೂ ‘ಆಗುವುದಿಲ್ಲ’ ಅನ್ನು ಎಂದು ಬರೆದಿದ್ದೆ. ಅರ್ಥವಾಗದ್ದನ್ನು ತಡೆಯಬೇಡ, ದಾಟಿಸು ಎಂದು ಊರಿಗೆಲ್ಲ ಪಾಠ ಹೇಳಿದವಳು!

ಬರೆದದ್ದನ್ನು ತಿದ್ದುವಂತಿಲ್ಲ. ಉಳಿದದ್ದು ಒಂದೇ ದಾರಿ, ಏಳನೆಯ ಪದರವನ್ನೇ ನಡುವಿನಿಂದ ಹೊರಕ್ಕೆ ಎಳೆಯುವುದು. ಹಾಗೆ ಎಳೆದರೂ ಉಳಿದದ್ದು ಅಲುಗದೆ ಕೂರುತ್ತದೆ ಎಂದು ಹೇಳಿಕೊಂಡು ತಿರುಗಿದ್ದೆನೇ ಹೊರತು ಒಮ್ಮೆಯೂ ಎಳೆದು ನೋಡಿರಲಿಲ್ಲ. ಕಾವಲಿಲ್ಲದ ಹೊತ್ತಿನಲ್ಲಿ ಯಾರೂ ಏನೂ ಕೇಳಬಾರದೆಂದು ಮಧ್ಯಾಹ್ನದ ಊಟದ ಸಮಯ ಆರಿಸಿಕೊಂಡೆ. ಕಿಟಕಿಗಳೆಲ್ಲ ಮುಚ್ಚಿದವು. ಬಾಗಿಲಿಗೆ ಚೆನ್ನಿಗಪ್ಪನವರು ಸ್ಟೂಲು ಹಾಕಿಕೊಂಡು ಕೂತರು. ಊರಿನ ಹುಟ್ಟುಸಾವೆಲ್ಲ ಅದರಲ್ಲಿದೆ. ಎಳೆದೆ. ಎಂಟನೆಯದು ಆರನೆಯದರ ಮೇಲೆ ಸದ್ದಿಲ್ಲದೆ ಕೂತಿತು, ಡಬ್ಬಿಯ ಮೇಲೆ ಡಬ್ಬಿ ಕೂರುವ ಹಾಗೆ. ಕೋರಿಕೆ ಕಳಿಸಿದೆ. ಹನ್ನೊಂದು, ಹತ್ತು, ಒಂಬತ್ತು, ಎಂಟು, ಯಾರಿಗೂ ಅದು ಅರ್ಥವಾಗಲಿಲ್ಲ, ಯಾರೂ ತಡೆಯಲಿಲ್ಲ. ಮೂರನೆಯದಕ್ಕೆ ಮುಟ್ಟಿತು, ತೇಪೆ ಕಿತ್ತುಬಂತು, ಅಣ್ಣತಮ್ಮಂದಿರ ತಾಯಿಯ ಹೆಸರು ಪರದೆಯ ಮೇಲೆ ಬಂತು. “ಊಟಕ್ಕೆ ಬಾ ಅನ್ನೋಕೂ ಇವನಿಗೆ ಡಂಗುರ ಹೊಡೀಬೇಕಾಯ್ತು” ಎಂದು ತಮ್ಮ ಕಣ್ಣೊರೆಸಿಕೊಂಡ. ನನಗೆ ಖುಷಿ ತಡೆಯಲಾಗಲಿಲ್ಲ. ಆ ಖುಷಿಯಲ್ಲಿ ಮೊದಲು ಹೊಳೆದದ್ದು ಏನೆಂದರೆ, ಇದನ್ನು ಹೊನ್ನಪ್ಪನಿಗೆ ಹೇಳಬೇಕು ಎಂದು. ಹೇಳಲು ಎಲ್ಲಿದ್ದಾರೆ?

ದಿನಾ ಊಟದ ಹೊತ್ತಿನಲ್ಲಿ ಏಳನೆಯ ಪದರವನ್ನು ಎಳೆದು, ಆಮೇಲೆ ಮತ್ತೆ ಕೂರಿಸುತ್ತಾ, ಹದಿನಾಲ್ಕು ದಿನದಲ್ಲಿ ನಲವತ್ತೊಂದು ತೇಪೆ ತೆಗೆದೆ. ಒಂದು ಬಾಕಿ ಉಳಿಯಿತು. ಪ್ರತಿ ಸಂಜೆ ನಾಳೆ ಹೋಗಿ ಕೇಳುತ್ತೇನೆ ಎಂದುಕೊಳ್ಳುವುದು, ಬೆಳಿಗ್ಗೆ ಅವರೇ ಬರಲಿ, ಡಂಗುರ ಅವರ ಕಿವಿಗೂ ಬಿದ್ದಿರುತ್ತದಲ್ಲ ಎಂದುಕೊಳ್ಳುವುದು. ಹದಿನೈದನೇ ದಿನ ಬೆಳಿಗ್ಗೆ ಚೆನ್ನಿಗಪ್ಪನವರು ಮೆಟ್ಟಿಲು ಹತ್ತಿ ನನ್ನ ಮೇಜಿನವರೆಗೆ ಬಂದರು. ಮಂಡಿನೋವಿನ ಮನುಷ್ಯ, ಹಾಗೆಲ್ಲ ಬರುವವರಲ್ಲ.

“ಅಮ್ಮಾ, ಕೊನೇ ದಿನ” ಎಂದರು.

“ಗೊತ್ತು.”

“ನಾಲ್ಕು ಗಂಟೆಗೆ ನಕಲು ಶುರು. ನಾಳೆ ಗಾರೆಯವರು ಬರ್ತಾರೆ.”

“ಗೊತ್ತು ಅಂದ್ನಲ್ಲ ಚೆನ್ನಿಗಪ್ಪನವರೇ!”

ಅವರು ಹೋಗಲಿಲ್ಲ. ಅಲ್ಲೇ ನಿಂತರು. ಅವರ ಕಾಟ ತಪ್ಪಿಸಿಕೊಳ್ಳಲೆಂದೇ ಎದ್ದೆ. ಸರಿ, ಕೊನೆಯ ಸಲ ಅದನ್ನೊಂದು ನೋಡಿಯಾದರೂ ಬರೋಣ ಎನಿಸಿತು. ಹದಿನೆಂಟು ವರ್ಷದಲ್ಲಿ ನಾನು ಆ ಕೋಣೆಗೆ ಇಳಿದಿರಲಿಲ್ಲ. ಒಂದು ಮೇಜು, ತಳದ ಡಿಸ್ಕಿಗೆ ಸೇರಿದ ಹಳೆಯ ಪರದೆ, ದಾರಕ್ಕೆ ಕಟ್ಟಿದ ಪೆನ್ನು, ನೋಡಲು ಬಂದವರು ಬರೆಯುವ ಪುಸ್ತಕ. ದಫ್ತರದ ಒಂದೊಂದು ಪುಟಕ್ಕೂ ಅದರಲ್ಲಿ ಒಂದೊಂದು ಹಾಳೆ. ನೂರಾಹದಿನಾರರ ಹಾಳೆ ಖಾಲಿ ಇರುತ್ತದೆ ಎಂದುಕೊಂಡೇ ತಿರುಗಿಸಿದೆ.

ಖಾಲಿ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಹದಿನೆಂಟು ಸಾಲು. ಬೋರ್ಡಿನ ಮೇಲೆ ಬರೆಯುವ ಹಾಗೇ ದುಂಡಗಿನ, ಆತುರವಿಲ್ಲದ ಅಕ್ಷರ. ಪ್ರತಿ ಸಾಲಿನಲ್ಲೂ ಹೆಸರು ಹೊನ್ನಪ್ಪ, ತಾರೀಕು ನಮ್ಮ ಮದುವೆಯ ದಿನದ್ದು, ವರ್ಷ ಮಾತ್ರ ಬೇರೆ ಬೇರೆ. ಬಂದ ಕಾರಣ ಎಂಬ ಕಡೆ, ಇದೆಯೇ ಎಂದು ನೋಡಲು. ಷರಾ ಎಂಬ ಕಡೆ, ಇದೆ. ಅದರ ಕೆಳಗಿನ ವರ್ಷ, ಇದೆಯೇ ಎಂದು ನೋಡಲು. ಇದೆ. ಹದಿನೆಂಟು ಸಲ ಇದೆ, ಇದೆ, ಇದೆ ಎಂದು ಬರೆದು ಹೋಗಿದ್ದಾರೆ.

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಗೊಳೋ ಎಂದು ಅತ್ತೆ. ನನ್ನ ತಲೆಯ ಮೇಲಿನ ಮಹಡಿಯಲ್ಲಿ ನಾನು ಅವರು ಮರೆತರೆಂದು ಮುಖ ಊದಿಸಿಕೊಂಡು ಕೂತಿರುವಾಗ, ಈ ಮನುಷ್ಯ ವರ್ಷಕ್ಕೊಮ್ಮೆ ನನ್ನ ಕಾಲ ಕೆಳಗೇ ಬಂದು ಕೂತು ಎದ್ದು ಹೋಗಿದ್ದರು. ಹಿಂದೆಯೇ ಇಳಿದು ಬಂದ ಚೆನ್ನಿಗಪ್ಪನವರ ಮೇಲೆ ಸಿಟ್ಟೆಲ್ಲ ತಿರುಗಿತು.

“ನಿಮಗೆ ಗೊತ್ತಿತ್ತು!”

“ಗೊತ್ತಿತ್ತಮ್ಮ.”

“ಒಂದು ಮಾತು ಹೇಳಕ್ಕಾಗ್ತಿರಲಿಲ್ವಾ? ಹದಿನೆಂಟು ವರ್ಷ!”

“ನಿಮ್ಮದೇ ನಿಯಮ ಅಲ್ವಾ? ಕೆಳಗಿರೋನು ಕೇಳಿದ್ದಕ್ಕೆ ಉತ್ತರ ಕೊಡ್ಬೇಕು, ತಾನಾಗಿ ಮೇಲಕ್ಕೆ ಕೂಗಬಾರದು ಅಂತ. ನೀವು ಒಂದಿನಾನಾದ್ರೂ ಕೇಳಿದ್ರಾ?”

“ಅದು ಕರ್ನಲ್ಲಿಗೆ ರೀ, ಮನುಷ್ಯರಿಗಲ್ಲ!” ಎಂದು ಕಿರುಚಿದೆ. ಅವರು ತಲೆ ಕೆರೆದುಕೊಂಡು, “ಹಾಗಂತ ಎಲ್ಲೂ ಬರೆದಿರಲಿಲ್ಲ” ಎಂದರು.

ಕೆರೆ ಏರಿಯ ಮೇಲೆ ಅಷ್ಟು ಜೋರಾಗಿ ನಾನು ಹುಡುಗಿಯಾಗಿದ್ದಾಗಲೂ ನಡೆದಿರಲಿಲ್ಲ. ಅಂಗಡಿಯ ಮುಂದೆ ಹೊನ್ನಪ್ಪ ಏಣಿಯ ಮೇಲೆ ನಿಂತು ಹಿಟ್ಟಿನ ಗಿರಣಿಯ ಬೋರ್ಡು ಬರೆಯುತ್ತಿದ್ದರು. ಅಕ್ಷರದ ನಡುವೆ ಬೋರ್ಡಿನವರನ್ನು ಮಾತಾಡಿಸುವುದು ನಮ್ಮ ಊರಿನಲ್ಲಿ ಮಹಾ ತಪ್ಪು. ಏಣಿಯ ಬುಡದಲ್ಲಿ ಏದುಸಿರು ಬಿಡುತ್ತಾ ನಿಂತೆ. ಅವರು ಒಂದು ಕೊಂಬು ಎಳೆದು, ಕುಂಚ ಎತ್ತಿ, ಕೆಳಗೆ ನೋಡಿದರು.

“ಚೆನ್ನಾಗಿದೀಯಾ?”

“ಇಲ್ಲ” ಎಂದೆ. “ತಪ್ಪು ನಂದು. ಅವತ್ತು ನಾನೊಬ್ಬಳೇ ಮಾಡಿದೆ ಅಂದಿದ್ದು ಸುಳ್ಳು. ಬಾಗಿಲ ಮೇಲೆ ಬರೆದಿದ್ದು ತಪ್ಪು, ತೇಪೆ ಹಾಕಿದ್ದು ಇನ್ನೂ ದೊಡ್ಡ ತಪ್ಪು. ಪುಸ್ತಕ ನೋಡಿದೆ. ಯಾಕ್ರೀ ಮೇಲಕ್ಕೆ ಬರಲಿಲ್ಲ ನೀವು? ಇನ್ನು ನಾಲ್ಕು ಮೆಟ್ಟಿಲು ಹತ್ತಿದ್ರೆ ನಾನಿದ್ದೆ.”

ಅವರು ಏಣಿ ಇಳಿದರು. ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಡಬ್ಬದಲ್ಲಿಟ್ಟರು. ನನಗೋ ತಡೆಯಲಾಗುತ್ತಿಲ್ಲ. “ನೀನು ಬರೆದಿದ್ಯಲ್ಲ” ಎಂದರು ಕೊನೆಗೆ, “ಬರೆದದ್ದು ಅಳಿಯಲ್ಲ ಅಂತ ನಾನು ಬರಲಿಲ್ಲ. ಆದ್ರೆ ಅದೂ ಬರೆದದ್ದೇ ಅಲ್ವಾ, ನೂರಾಹದಿನಾರು. ಅದಕ್ಕೇ ಹೋಗಿ ನೋಡ್ತಿದ್ದೆ.”

“ಡಂಗುರ ಕೇಳಿಸ್ಲಿಲ್ವಾ?”

“ಕೇಳಿಸ್ತು. ಹದಿನೈದು ದಿನದಿಂದ ಎರಡು ಆಳಿನ ಅನ್ನ ಮಾಡ್ತಿದೀನಿ” ಎಂದು ಒಳಗೆ ಹೋಗಿ ಕ್ಯಾರಿಯರ್ ತಂದರು. ಅದೇ ನಾಲ್ಕು ಡಬ್ಬಿಯದು, ಒಂದರ ಅಂಚು ಮಾತ್ರ ಸ್ವಲ್ಪ ನಗ್ಗಿದೆ.

ಕಚೇರಿಗೆ ಬಂದಾಗ ಕಿಟಕಿಗಳು ಮುಚ್ಚುತ್ತಿದ್ದವು. ಹೊನ್ನಪ್ಪ ಕೆಳಗಿನ ಕೋಣೆಗೆ ಹೋಗಿ ಹತ್ತೊಂಬತ್ತನೇ ಸಾಲು ಬರೆದರು, ಇಪ್ಪತ್ತನೆಯದು ನನ್ನದು. ಮೇಲೆ ಬಂದು ಇಬ್ಬರೂ ಸಹಿ ಹಾಕಿದೆವು. ಏಳನೆಯ ಪದರವನ್ನು ಎಳೆದೆ. ಕೋರಿಕೆ ಕಳಿಸಿದೆ. ಹನ್ನೊಂದು ದಾಟಿತು, ಹತ್ತು ದಾಟಿತು. ಅದು ಇಳಿಯುತ್ತಿರುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು, ಕೈ ಸೀಮೆಎಣ್ಣೆ ನಾರುತ್ತಿತ್ತು. ನೂರಾಹದಿನೈದು ಆದಮೇಲೆ ಪರದೆಯ ಮೇಲೆ ನೂರಾಹದಿನಾರು ಬಂತು. ಹೊನ್ನಪ್ಪ, ಇಂದುಮತಿ, ಸಾಕ್ಷಿಗಳ ಹೆಸರು, ಎಲ್ಲ ಬರೆದ ದಿನ ಹೇಗಿತ್ತೋ ಹಾಗೇ. ಕೆಳಗಿನ ಕೋಣೆಯ ಪರದೆ ಬಿಟ್ಟು ಮೆಟ್ಟಿಲ ಬಳಿ ಬಂದು ನಿಂತಿದ್ದ ಚೆನ್ನಿಗಪ್ಪನವರು ಒಬ್ಬರೇ ಚಪ್ಪಾಳೆ ತಟ್ಟಿದರು.

ಊಟ ಮಾಡಿದೆವು. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಹೇಳಿದೆ, ನಕ್ಕರು. ನಾಲ್ಕು ಗಂಟೆಗೆ ನಕಲು ಶುರು ಮಾಡಬೇಕಾಗಿತ್ತು. ಹೊಸ ಡಿಸ್ಕಿನಲ್ಲಿ ಊರಿನ ಮೊದಲ ಹೆಸರಿಗಿಂತಲೂ ಮುಂಚೆ ಒಂದು ಸಾಲು ಖಾಲಿಯಿರುತ್ತದೆ, ವ್ಯವಸ್ಥೆ ಮಾಡಿದವರ ಹೆಸರು ಬರೆಯಲು. ಹಳೆಯದರಲ್ಲಿ ಅಲ್ಲಿ ನನ್ನ ಹೆಸರೊಂದೇ ಇತ್ತು. ಯಾರನ್ನೂ ಕೇಳಲಿಲ್ಲ. ಬರೆದೆ: ಪದರಗಳು ಒಂದರ ಮೇಲೊಂದು ಕೂರುವ ಬಗೆಯನ್ನು ಹೇಳಿಕೊಟ್ಟವರು ಹೊನ್ನಪ್ಪ, ಒಂದು ಟಿಫಿನ್ ಕ್ಯಾರಿಯರ್ ಬಿಚ್ಚಿಟ್ಟು. ಬರೆದುಕೊಂಡವಳು ಇಂದುಮತಿ.

ಹೊನ್ನಪ್ಪ ಅದನ್ನು ನಿಧಾನವಾಗಿ ಓದಿದರು. ಎರಡನೇ ಸಲ ಓದಿದರು. ಕಣ್ಣು ತುಂಬಿತ್ತು, ಅದನ್ನು ಮುಚ್ಚಿಕೊಳ್ಳಲೋ ಏನೋ, “ಅಕ್ಷರ ಸಣ್ಣದಾಯ್ತು” ಎಂದರು.

“ಸಣ್ಣದಾದ್ರೇನು, ಅಳಿಯಲ್ಲ.”

“ನೀನು ಬರೆದದ್ದು ಯಾವುದು ತಾನೇ ಅಳಿದಿದೆ” ಎಂದು ಎದ್ದರು.

ಸಂಜೆ ಜೊತೆಯಲ್ಲೇ ಮನೆಗೆ ಬಂದೆವು. ಅಡುಗೆಮನೆಯ ಬಾಗಿಲ ಮುಂದೆ ನನಗೆ ನಾಚಿಕೆಯಾಗಿ, ಕ್ಯಾಲೆಂಡರ್ ಒಂದು ತಂದು ಮುಚ್ಚುತ್ತೇನೆ ಎಂದೆ. “ಏನೂ ಬೇಡ” ಎಂದರು. ಕ್ಯಾರಿಯರ್ ತೊಳೆದು ಒರೆಸಿದರು, ಬಾಗಿಲನ್ನು ಬೋರ್ಡು ನೋಡುವವರ ಹಾಗೆ ಸ್ವಲ್ಪ ದೂರ ನಿಂತು ನೋಡಿದರು, ಒಂದು ಮೊಳೆ ಹೊಡೆದು ಕ್ಯಾರಿಯರನ್ನು ಅದಕ್ಕೆ ತೂಗುಹಾಕಿದರು. ಸಾಲಿನ ಕೊನೆಯ ಪದ ಅದರ ಹಿಂದೆ ಹೋಯಿತು. ಈಗ ಕಾಣುವುದು ಮೂರೇ ಪದ, ಇನ್ನು ನಿಮ್ಮ ಜೊತೆ. ಬೆಳಿಗ್ಗೆ ಅವರು ಕ್ಯಾರಿಯರ್ ತೆಗೆದುಕೊಂಡು ಹೋದಾಗ ನಾಲ್ಕನೆಯದೂ ಕಾಣುತ್ತದೆ. ಕಾಣಲಿ ಬಿಡಿ, ಸಂಜೆ ಅದನ್ನು ತೊಳೆದು ಮತ್ತೆ ಅಲ್ಲಿಗೇ ಹಾಕುತ್ತಾರೆ.